ಒಲೆಗೊಂದು ವೀಳ್ಯ

ಮೂರನೆಯ ಭಾನುವಾರವೂ ಅದೇ ಜಗಳ. ಕೇಳಿ ಕೇಳಿ ಗಂಗೆಗೆ ತಲೆ ಚಿಟ್ಟು ಹಿಡಿದಿತ್ತು. ಕೋಳಿ ಕೂಗುವ ಮೊದಲೇ ಎದ್ದು, ಬಸಳೆ ಹರಿವೆ ಕಟ್ಟು ಕಟ್ಟಿ, ಬುಟ್ಟಿ ಹೊತ್ತು ಕುಮಟೆಗೆ ಹೋಗಿ, ರಸ್ತೆ ಬದಿಯ ಬಿಸಿಲಲ್ಲಿ ಕೂತು ಮಾರಿ, ಮಧ್ಯಾಹ್ನದ ಬಸ್ಸಿಗೆ ಮಿರ್ಜಾನದಲ್ಲಿ ಇಳಿದು ಬಂದವಳು ಊರ ಗೌಡರ ಅಂಗಳದಲ್ಲಿ ಕೂತು 'ಸದಸ್ಯ ಎಂದರೆ ಯಾರು' ಎಂಬ ಪುರಾಣ ಕೇಳಬೇಕೆಂದರೆ ಅದು ಯಾವ ಜನ್ಮದ ಕರ್ಮವೋ!

ಎದ್ದು ಹೋಗುವ ಹಾಗೂ ಇರಲಿಲ್ಲ. ಕುಮಟೆಯಲ್ಲಿ ತರಕಾರಿ ಮಾರುವವರಿಗೆಂದು ಹೊಸದಾಗಿ, ನೆರಳಿಗೆ ಮಾಡು ಹಾಕಿದ ಕಟ್ಟೆಯೊಂದು ಆಗಿತ್ತು. ಅಲ್ಲಿ ಕೂರುವ ಜಾಗ ಬೆಳೆಗಾರರ ಸಂಘದ ಸದಸ್ಯರಿಗೆ ಮಾತ್ರ. ಹಾಗಾಗಿ ಅವಳ ಕೇರಿಯಾದ ಕೊಪ್ಪದವರು ಸಂಘ ಕಟ್ಟಬೇಕು, ಅದಕ್ಕೊಂದು ನಿಯಮಾವಳಿ ಬರೆಯಬೇಕು. ಅದರಲ್ಲಿ ಸೇರದೇ ಹೋದರೆ ಐವತ್ತೆಂಟು ದಾಟಿದ ಗಂಗೆಗೆ ಸಾಯುವತನಕ ರಸ್ತೆ ಬದಿಯೇ ಗತಿ.

ಬರೆಯುವ ಕೆಲಸವನ್ನು ನಿವೃತ್ತ ಉದಯ ಮಾಸ್ತರರು ದೇಶದ ಸಂವಿಧಾನವನ್ನೇ ಎದುರಿಗಿಟ್ಟುಕೊಂಡು ಮಾಡಿದ್ದರು. "ಈ ಊರಿನಲ್ಲಿ ತರಕಾರಿ ಬೆಳೆಯುವ ಜನರಾದ ನಾವು, ಎಲ್ಲರೂ ಸಮಾನರೆಂದು ನಂಬಿ..." ಎಂದು ಅವರು ದನಿ ಏರಿಸಿ ಓದಿದರು. ಆದರೆ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಆ ಸಮಾನತೆ ಎಲ್ಲಿಗೆ ಹೋಯಿತೋ! 'ಮನೆಗೊಬ್ಬ ಸದಸ್ಯ, ಮನೆಯ ಯಜಮಾನನೇ ಸದಸ್ಯ' ಎಂದಿತ್ತು.

"ಬೆಳೆಸೂದು ನಾವು, ಹೊರೂದು ನಾವು, ಮಾರೂದು ನಾವು. ಮತ್ತೆ ಆ 'ನಾವು' ಅಂದ್ರೆ ಯಾರು ಮಾಸ್ತರ್ರೆ?" ಎಂದು ಗಣಪಿ ಕೇಳಿದಳು. ಮೂವತ್ತು ವರ್ಷದಿಂದ ಗಂಗೆಯ ಪಕ್ಕದಲ್ಲೇ ಕೂತು ಮಾರುವವಳು. ಅವಳ ಗಂಡ ಸುಬ್ಬ ಸಂತೆಯ ಮುಖ ನೋಡಿದವನಲ್ಲ. ಆದರೂ ತನ್ನ ಪಾಲಿಗೆ ಬರುವ ಜಾಗದಲ್ಲಿ ಎಳನೀರು ಮಾರಲು ತಂಗಿಯ ಮಗನಿಗೆ ಈಗಲೇ ಮಾತು ಕೊಟ್ಟುಬಿಟ್ಟಿದ್ದ.

ಗೌಡರ ಮೊಮ್ಮಗಳು ಪವಿತ್ರಾ ಹೊನ್ನಾವರದಲ್ಲಿ ಕಾಲೇಜು ಓದುವವಳು. ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುತ್ತಿದ್ದವಳು ತಲೆಯೆತ್ತಿದಳು. "ಅಜ್ಜಾ, ದೇಶದ ಸಂವಿಧಾನ ಬರೆಯೂಕೂ ಮೂರು ವರ್ಷದ ಹತ್ರ ಚರ್ಚೆ ಮಾಡಿದ್ರು. ಅಲ್ಲಿ ಹದಿನೈದು ಹೆಂಗಸ್ರು ಇದ್ರು. ಕಡೆಗೆ ವೋಟು ಮನೆಗೊಂದು ಅಂತ ಬರೀಲಿಲ್ಲ, ತಲೆಗೊಂದು ಅಂತ ಬರೆದ್ರು."

"ಅದು ದೆಲ್ಲಿ, ಇದು ಕೊಪ್ಪ," ಎಂದ ಸುಬ್ಬ. "ಹೆಂಗಸ್ರೂ ಮೀಟಿಂಗು ಅಂತ ಕೂತ್ರೆ ಗಂಜಿ ಬೇಯಿಸೂದು ಯಾರು?"

ಗಂಡಸರೆಲ್ಲ ನಕ್ಕರು. ಗಂಗೆಗೆ ಮೈ ಉರಿಯಿತು. ಇಲೆಕ್ಷನ್ನಿನ ದಿನ ಇದೇ ಗೌಡರ ಹಿಂದೆ ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಾಕಿಸಿಕೊಂಡು ಬರುತ್ತಾಳೆ. ಅಷ್ಟು ದೊಡ್ಡ ದೇಶ ತನ್ನನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಇಷ್ಟಗಲ ಅಂಗಳ ಹಿಡಿಯುವುದಿಲ್ಲ! ಹೇಳಿಬಿಡೋಣ ಎನ್ನಿಸಿತು. ಹೇಳಲು ತ್ರಾಣ ಬೇಕಲ್ಲ.

ಹೊತ್ತು ಇಳಿಯುತ್ತ ಬಂತು. ಗೌಡರಿಗೂ ಸಾಕಾಗಿ, ಮಾಸ್ತರರು ಬರೆದದ್ದೇ ಆಗಲಿ ಎಂದು, ವೀಳ್ಯ ತರಲು ಕೋಲಕಾರನಿಗೆ ಹೇಳಿದರು. ಕೂಟ ಕರೆಯುವವನೂ ಅವನೇ, ವೀಳ್ಯ ಹಂಚುವವನೂ ಅವನೇ. ಕೊಪ್ಪದಲ್ಲಿ ಎಷ್ಟು ಒಲೆ ಉರಿಯುತ್ತದೋ ಅಷ್ಟು ವೀಳ್ಯ. ತೆಗೆದುಕೊಂಡರೆ ತೀರ್ಮಾನ ಒಪ್ಪಿದ ಹಾಗೆ. ತಟ್ಟೆ ಖಾಲಿಯಾಗದೆ ಕೂಟ ಏಳುವಂತಿಲ್ಲ. ಅದು ಅಜ್ಜ ಮುತ್ತಜ್ಜಂದಿರ ಕಾಲದ ರೂಢಿ.

ಇಪ್ಪತ್ತೊಂದು ಮಂದಿ ಯಜಮಾನರು ತೆಗೆದುಕೊಂಡರು. ಒಂದು ಉಳಿಯಿತು.

"ಎಂತದಾ ಇದು, ಲೆಕ್ಕ ತಪ್ಪಿತಾ?" ಎಂದರು ಗೌಡರು.

"ಒಲೆ ಇಪ್ಪತ್ತೆರಡು ಅಲ್ದಾ? ಗಂಗಕ್ಕಂದು ಬೇರೆ," ಎಂದು ಕೋಲಕಾರ ತಡವರಿಸಿದ. ಗಂಡ ಸತ್ತ ವರ್ಷ ಮೈದುನ ಮಾಬ್ಲನ ಜೊತೆ ಜಗಳವಾಗಿ ಗಂಗೆ ಜಗಲಿಯಲ್ಲೇ ಬೇರೆ ಒಲೆ ಹೂಡಿದ್ದಳು. ಪಾಪ, ಕೋಲಕಾರ ರೂಢಿಯ ಮೇಲೆ ಅದನ್ನೂ ಎಣಿಸಿದ್ದ.

"ಮಾಬ್ಲಾ, ಅದನ್ನೂ ನೀನೇ ತಕಂಬಿಡು," ಎಂದ ಸುಬ್ಬ.

ಮಾಬ್ಲ ಕೈ ಚಾಚಿದವನು ಹಿಂದೆ ತೆಗೆದ. "ನಂಗೆ ಬೇಡ. ಅತ್ಗೆ ಒಲೆದು ಒಂದು ತುತ್ತು ಉಂಡವನಲ್ಲ ನಾನು, ಎಂಟು ವರ್ಷ ಆತು."

ಗೌಡರೂ ಮಾಸ್ತರರೂ ಗುಸುಗುಸು ಮಾತಾಡಿಕೊಂಡರು. ಆಮೇಲೆ ಮಾಸ್ತರರು ಹೊಸದೊಂದು ಸಾಲು ಓದಿದರು. 'ಗಂಡ ತೀರಿಕೊಂಡು, ಬೇರೆ ಒಲೆ ಹೂಡಿರುವ ಹೆಂಗಸನ್ನೂ ಯಜಮಾನನೆಂದು ತಿಳಿಯತಕ್ಕದ್ದು.'

"ಆತು ಗಂಗೆ, ನೀನೂ ಸದಸ್ಯೆ," ಎಂದರು ಗೌಡರು. "ತಕೋ. ಎಲ್ರಿಗೂ ಸಾಕಾತು."

ಗಂಗೆಯ ಎದೆ ಹಗುರಾಯಿತು. ಮೊಣಕಾಲು ಹಿಡಿದುಕೊಂಡು ಎದ್ದಳು. ಹೊಸ ಕಟ್ಟೆಯ ತಂಪು ನೆರಳು ಕಣ್ಣ ಮುಂದೆ ಬಂತು.

"ಹೋಗೇ, ತಕೋ," ಎಂದಳು ಗಣಪಿ. "ನಮ್ಮೊಳಗೆ ಒಬ್ಳಾದ್ರೂ ನೆರಳಲ್ಲಿ ಕೂರ್ಲಿ. ನಂಗೆ ಜಾಗ ಸಿಗ್ಬೇಕಾದ್ರೆ ನಮ್ಮನೆಯವ್ರು ಸಾಯ್ಬೇಕು."

ಈ ಸಲ ಯಾರೂ ನಗಲಿಲ್ಲ.

ದೇವರಾಣೆಗೂ ಗಂಗೆಗೆ ಅದನ್ನು ತೆಗೆದುಕೊಳ್ಳುವ ಆಸೆಯಿತ್ತು. ತೆಗೆದುಕೊಂಡು, ಮನೆಗೆ ಹೋಗಿ, ಕಾಲು ಚಾಚಿ ಮಲಗಬೇಕಿತ್ತು. ಆದರೆ ಗಂಡ ಸತ್ತಾಗ ಸೂತಕದ ದಿನ ಮುಗಿಯುವತನಕ ಇಬ್ಬರ ಬುಟ್ಟಿಯನ್ನೂ ಹೊತ್ತು ಮಾರಿದವಳು ಇದೇ ಗಣಪಿ. ಅವಳನ್ನು ಬಿಸಿಲಲ್ಲಿ ಬಿಟ್ಟು ಎದುರಿನ ನೆರಳಲ್ಲಿ ಹೇಗೆ ಕೂರುವುದು?

"ಅದು ತಟ್ಟೆಲೇ ಇರ್ಲಿ ಗೌಡ್ರೆ," ಎಂದಳು. "ಗಂಡ ಸತ್ತದ್ದಕ್ಕೆ ಕೊಡೂ ಜಾಗ ನಂಗೆ ಬೇಡ. ದುಡಿದದ್ದಕ್ಕೆ ಕೊಡೂದಾದ್ರೆ ಕೊಡಿ. ಗಣಪಿಗೂ ಕೊಡಿ."

"ಥೋ!" ಎಂದ ಒಬ್ಬ. "ದನ ಕಟ್ಟೂ ಹೊತ್ತಾತು!" ಎಂದು ಇನ್ನೊಬ್ಬ ಕೂಗಿದ. ತಟ್ಟೆ ಖಾಲಿಯಾಗದೆ ಏಳುವ ಹಾಗಿಲ್ಲವಲ್ಲ. ಎದ್ದು ನಿಂತವರೆಲ್ಲ ಗೊಣಗುತ್ತ ಮತ್ತೆ ಕೂತರು. ಗೌಡರು ಶಾಲಿನಿಂದ ಮುಖ ಒರೆಸಿಕೊಂಡರು.

ಗಂಗೆ ಹಿಂದೆ ಬಂದು ಗಣಪಿಯ ಪಕ್ಕ ಕುಸಿದು ಕೂತಳು.

"ಮರ್ಲು ಹಿಡಿತಾ ನಿಂಗೆ?" ಗಣಪಿಯ ಕಣ್ಣು ತುಂಬಿತ್ತು. "ಕೈಗೆ ಬಂದ ಜಾಗ ಬಿಟ್ಯಲ್ಲೇ!"

"ಸುಮ್ನಿರು ಮಾರಾಯ್ತಿ," ಎಂದಳು ಗಂಗೆ. "ದಿನಾ ಬೆಳಗಾದ್ರೆ ಅಲ್ಲಿ ನಾನು ಯಾರ ಹತ್ರ ಮಾತಾಡೂದು?"