ಬಲಕ್ಕೆ ಹೊರಳದ ಸ್ಟೇರಿಂಗು

ನನ್ನ ಪಿಕಪ್ಪಿನ ಹಾರ್ನ್ ಕೇಳಿದರೆ ಗೋಕಾಕದ ಜಲಪಾತ ಒಂದು ಗಳಿಗೆ ಬೀಳುವುದನ್ನೇ ನಿಲ್ಲಿಸುತ್ತದೆ. ನೋಡಲು ಬಂದ ಜನ ಬರೀ ಬಂಡೆ ನೋಡುತ್ತ ನಿಲ್ಲುತ್ತಾರೆ. ನಾನು ತಿರುವು ದಾಟಿದ ಮೇಲೆ ನೀರು ಮತ್ತೆ ಧುಮುಕುತ್ತದೆ. ನಮ್ಮ ಕುಲಗೋಡದಲ್ಲಿ ಇದನ್ನು ಯಾರೂ ನಂಬುವುದಿಲ್ಲ. ಎಲ್ಲಾ ಹೊಟ್ಟೆಕಿಚ್ಚು.

ಗಾಡಿ ಹಳೆಯದು. ಬೆರಳು ತಾಗಿಸಿದರೆ ತಿರುಗುವ ಈಗಿನ ಪವರ್ ಸ್ಟೇರಿಂಗ್ ಇದಕ್ಕಿಲ್ಲ. ಹೊರಳಿಸಲು ತೋಳು ಬೇಕು. ನನ್ನ ತೋಳಿನ ವಿಷಯ ಕೇಳಬೇಡಿ. ಹೊಲದಲ್ಲಿ ಎತ್ತು ದಣಿದು ಕುಸಿದಾಗ ಅದನ್ನು ಹೆಗಲ ಮೇಲೆ ಹೊತ್ತುಕೊಂಡೇ ಉಳಿದ ಸಾಲು ಉತ್ತವನು ಈ ಸತ್ಯಪ್ಪ.

ಇಂಥವನ ಬಾಳಿನಲ್ಲಿ ಹೋದ ವಾರ ಒಂದು ಸಣ್ಣ ಸಂಗತಿ ನಡೆಯಿತು. ಹುಕ್ಕೇರಿ ತಾಲೂಕಿನ ಘೋಡಗೇರಿಗೆ ದನದ ಮೇವು ತುಂಬಿಕೊಂಡು ಹೋಗಿದ್ದೆ. ಊರ ಅಗಸಿ ಬಾಗಿಲು ದಾಟಿದ ಕೂಡಲೇ ಬಲಕ್ಕೆ ಹೊರಳಬೇಕು. ನಾನು ಹೊರಳಲಿಲ್ಲ. ರಿವರ್ಸಿನಲ್ಲೇ ಹಿಂದೆ ಬಂದು, ಊರನ್ನು ಸುತ್ತುಹಾಕಿ, ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ ಹೊರಳಿ ಮೇವು ಇಳಿಸಬೇಕಾದ ಮನೆ ಮುಟ್ಟಿದೆ. ಜನ ಕಟ್ಟೆಯ ಮೇಲೆ ನಿಂತು ಕೈ ಬೀಸಿದರು. ಮಂತ್ರಿಗಳಿಗೂ ಅಂಥ ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ಆದರೆ ಆ ಊರಲ್ಲಿ ನನ್ನ ಹೆಂಡತಿ ಶೆಟ್ಟೆವ್ವನ ಅಕ್ಕ ಇದ್ದಾಳೆ. ನಾನು ಮನೆ ಸೇರುವುದರೊಳಗೆ ಫೋನು ಸೇರಿತ್ತು.

"ಬಲಕ್ಕ ಯಾಕ ಹೊಳ್ಳಲಿಲ್ರಿ?" ಎಂದಳು ಶೆಟ್ಟೆವ್ವ.

"ಸ್ಟೇರಿಂಗ್ ಬಿಗಿ ಆಗೈತಿ."

"ಹಂಗಾರ ಸುದ್ದ ಮಾಡಸ್ರಿ. ಇಲ್ಲಂದ್ರ ನಾಳಿಂದ ನಮ್ಮ ಶಿದ್ರಾಮ ಗಾಡಿ ಹೊಡೀತಾನ. ಯಾರಿಗರ ಬಡಿದು ಮನಿಗೆ ಬರೂದು ಬ್ಯಾಡ."

ಶಿದ್ರಾಮ ಅವಳ ತಮ್ಮ. ಗಾಡಿ ಹೊಡೆಯುವಾಗ ಬೆನ್ನಿಗೆ ದಿಂಬು ಇಟ್ಟುಕೊಳ್ಳುವ ಮನುಷ್ಯ! ನನ್ನ ಬೆನ್ನಿನ ಅಚ್ಚು ಬಿದ್ದ ಸೀಟಿನಲ್ಲಿ ಅವನು ಕೂರುವುದು, ಮೂಡಲಗಿ ಸಂತೆಯಲ್ಲಿ ನಾನು ಬಾಜೂ ಸೀಟಿನಿಂದ ಬುಟ್ಟಿ ಹಿಡಿದುಕೊಂಡು ಇಳಿಯುವುದು, ಅದನ್ನು ಊರೆಲ್ಲ ನೋಡುವುದು. ಆ ಸೀಟು ಹೋದರೆ ನನ್ನಲ್ಲಿ ಉಳಿಯುವುದು ಮೀಸೆಯೊಂದೇ.

ಮರುದಿನ ಮುಂಜಾನೆ ಗೋಕಾಕಕ್ಕೆ ಹೊರಟೆ. ನನ್ನನ್ನು ಕಂಡು ದಾರಿ ತಾನಾಗಿಯೇ ನೇರವಾಯಿತು. ಶೆಟ್ಟೆವ್ವನೂ ತೆಂಗಿನಕಾಯಿ ಚೀಲ ಹಿಡಿದು ಪಕ್ಕದಲ್ಲಿ ಕೂತಿದ್ದಳು.

ಈಶ್ವರನ ಗ್ಯಾರೇಜಿನ ಗೋಡೆಗೆ ಎರಡು ಸ್ಟೇರಿಂಗ್ ಚಕ್ರ ತೂಗುಬಿದ್ದಿದ್ದವು. ಒಂದು ಊಟದ ತಾಟಿನಷ್ಟು, ಕರಿಯ ಹೊದಿಕೆ, ಕೆಂಪು ದಾರದ ಹೊಲಿಗೆ. ಇನ್ನೊಂದು ಮದುವೆಮನೆಯಲ್ಲಿ ಹಿಟ್ಟು ನಾದುವ ಪರಾತದಷ್ಟು.

"ಗಾಡಿ ನೋಡಿದ್ನಿ ಕಾಕಾ, ಕೆಳಗ ಏನೂ ಬಿಗಿ ಆಗಿಲ್ಲ," ಎಂದ ಈಶ್ವರ. "ಚಕ್ರನ ಬದಲ ಮಾಡೂದಿದ್ರ ದೊಡ್ಡದ ಹಾಕಸ್ರಿ. ಹಗರ ತಿರಗತೈತಿ. ಸಣ್ಣದು ನೋಡಾಕ ಚಂದ, ಖರೆ ತೋಳಿಗೆ ತ್ರಾಸ. ವಯಸ್ಸಾದವ್ರು ದೊಡ್ಡದ ಒಯ್ತಾರ."

ಅಲ್ಲೇ ಪಂಕ್ಚರ್ ಹಾಕಿಸಲು ಕೂತಿದ್ದ ನಾಗನೂರಿನ ದುಂಡಪ್ಪ ಚಹದ ಕಪ್ಪು ಕೆಳಗಿಟ್ಟ. "ಏ ಈಶ್ವರಾ, ಸತ್ಯಪ್ಪಗ ಚಕ್ರ ಯಾಕ ಬೇಕೋ? ಅಂವ ಹಲ್ಲಿಲೇ ತಿರಗಸ್ತಾನ!"

ನನ್ನ ಕೈ ದೊಡ್ಡದರ ಕಡೆ ಹೊರಟಿತ್ತು. ಬಾಯಿ ಅದಕ್ಕಿಂತ ಮುಂಚೆ ಸಣ್ಣದರ ಕಡೆ ಓಡಿತು.

"ಆ ಪರಾತ ಮುದುಕರಿಗೆ ಕೊಡು. ನನಗ ಸಣ್ಣದ ಹಾಕು. ಅದೂ ಜರಾ ದೊಡ್ಡದಾತು."

ಶೆಟ್ಟೆವ್ವ ನನ್ನನ್ನೇ ನೋಡಿದಳು.

ಈಶ್ವರ ಸಣ್ಣ ಚಕ್ರ ಕೂರಿಸಿದ. ಗಾಡಿಗೆ ಹೊಸದೇನು ಹಾಕಿದರೂ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮುಂದಿನ ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಗಾಡಿ ನಿಂತಲ್ಲೇ ಯಜಮಾನನೊಬ್ಬನೇ ಸ್ಟೇರಿಂಗನ್ನು ಬಲಕ್ಕೆ ಪೂರ್ತಿ ಹೊರಳಿಸಬೇಕು. ಆಮೇಲೆ ಹೊರಡುವುದು. ಆ ಮೊದಲ ಹೊರಳಿಗೆ ಬೇರೆಯವರ ಕೈ ತಾಗಿದರೆ ಗಾಡಿ ಅವರ ಕೈಗೆ ಹೋಯಿತೆಂದೇ ಅರ್ಥ. ನಿಂತ ಗಾಡಿಯಲ್ಲಿ ಹೊರಳಿಸುವುದು ಎಷ್ಟು ಕಷ್ಟವೆಂದು ಹಳೇ ಗಾಡಿ ಹೊಡೆದವರಿಗೇ ಗೊತ್ತು. ಚಕ್ರ ಆರಿಸುವಾಗ ನನಗೆ ಈ ಪದ್ಧತಿಯೇ ಮರೆತುಹೋಗಿತ್ತು.

ಶೆಟ್ಟೆವ್ವ ಚಕ್ರಕ್ಕೆ ಕುಂಕುಮ ಹಚ್ಚಿ ಕೆಳಗಿಳಿದಳು. "ಹೂಂ, ಹೊರಳಸ್ರಿ."

ನಾನು ಜಗ್ಗಿದೆ. ಚಕ್ರ ಒಂದು ಜೋಳದ ಕಾಳಿನಷ್ಟು ಸರಿದು ನಿಂತಿತು.

"ಏನಾತ್ರಿ?"

"ಗಳಿಗಿ ನೋಡಾಕತ್ತೇನಿ."

ಮತ್ತೆ ಜಗ್ಗಿದೆ. ಲಿಂಬೆಹಣ್ಣುಗಳು ಆರಾಮಾಗಿ ಕೂತಿದ್ದವು.

"ಹಲ್ಲ ಹಚ್ಚೋ ಸತ್ಯಪ್ಪಾ!" ಎಂದ ದುಂಡಪ್ಪ.

"ತಡೀರಿ ಕಾಕಾ, ನಾ ಒಂದ ಕೈ ಹಚ್ತೇನಿ," ಎಂದು ಈಶ್ವರ ಮುಂದೆ ಬಂದ.

"ಮುಟ್ಟಬ್ಯಾಡೋ ತಮ್ಮಾ," ಎಂದು ಶೆಟ್ಟೆವ್ವ ಅವನನ್ನು ತಡೆದು, ತಾನೇ ಕಿಟಕಿಯ ಹತ್ತಿರ ಬಂದು ಒಳಗೆ ಬಗ್ಗಿ ನೋಡಿದಳು. ಚಕ್ರದ ಮೇಲಿದ್ದದ್ದು ನನ್ನ ಎಡಗೈ ಒಂದೇ. ಬಲಗೈ ತೊಡೆಯ ಮೇಲೆ ಬಿಸಿಲಿಗೆ ಮಲಗಿದ ಬೆಕ್ಕಿನಂತೆ ಬಿದ್ದಿತ್ತು.

"ಆ ಕೈ ಎತ್ರಿ."

"ಇಷ್ಟಕ್ಕ ಅದು ಯಾಕ ಬೇಕ? ಎಡಗೈನ ಸಾಕ."

"ಎತ್ರಿ ಅಂದ್ನಿ."

ಎತ್ತಿದೆ. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ನನ್ನ ಬಾಯಿಂದ ಒಂದು ಸದ್ದು ಬಂತು. ಅದಕ್ಕೆ ಸಿಂಹದ ಗರ್ಜನೆ ಎಂದು ಹೆಸರಿಡಬಹುದಿತ್ತು. ಆದರೆ ದುಂಡಪ್ಪನೂ ನಗಲಿಲ್ಲ.

"ಎಂದಿನಿಂದ ಹಿಂಗೈತಿ?" ಎಂದು ಕೇಳಿದಳು, ಮೆಲ್ಲಗೆ.

ಹುಕ್ಕೇರಿ ದಾರಿಯಲ್ಲಿ ಮದವೇರಿದ ಹೋರಿಯ ಕೋಡು ಹಿಡಿದು ಕುಸ್ತಿ ಆಡಿದ ಕತೆಯೊಂದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಚೆಂದದ ಕತೆ, ಕೊನೆಗೆ ಹೋರಿಯೇ ಅಳುತ್ತಿತ್ತು. ಶೆಟ್ಟೆವ್ವ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕಾಯುತ್ತಿದ್ದಳು. ಸಿಟ್ಟು ಮಾಡಿದ್ದರೆ ಆ ಕತೆಯನ್ನೇ ಹೇಳಿಬಿಡುತ್ತಿದ್ದೆ. ಅವಳ ಕಣ್ಣಲ್ಲಿ ಹೆದರಿಕೆ ಇತ್ತು. ಹೋರಿ ಬಂದ ದಾರಿ ಹಿಡಿದು ಹೋಯಿತು.

"ಅಮಾಸಿ ದಿನ ಬಚ್ಚಲದಾಗ ಸಾಬಾಣ ತುಳದ ಬಿದ್ನಿ," ಎಂದೆ. "ಬಲ ಹೆಗಲ ಮ್ಯಾಲ. ಅವತ್ತಿಂದ ಕೈ ಮ್ಯಾಲ ಏಳವಲ್ದು. ಸ್ಟೇರಿಂಗ್ ಎಂದೂ ಬಿಗಿ ಆಗಿದ್ದಿಲ್ಲ. ಹೇಳಿದ್ರ ಸೀಟ ಹೋಗತೈತಿ ಅಂತ ಬಾಯಿ ಬಿಡಲಿಲ್ಲ. ದೊಡ್ಡ ಚಕ್ರ ಹಾಕಿದ್ರೂ ಈ ಕೈಲೆ ನನಗ ಹೊಡ್ಯಾಕ ಆಗೂದಿಲ್ಲ, ಶೆಟ್ಟೆವ್ವಾ. ಶಿದ್ರಾಮಗ ಫೋನ್ ಹಚ್ಚು."