ಗೋಡೆಯಿಂದ ಒಂದೂವರೆ ಅಡಿ

ಗರ್ರ್ ಅಂತ ಆ ಸದ್ದು, ಮರದ ಕಾಲು ಹಲಗೆಯ ಮೇಲೆ ಜರುಗಿ ಕಾರ್ಪೆಟ್ಟಿನ ಅಂಚು ಹತ್ತಿದ ಸದ್ದು, ಅಜ್ಜಿಯ ಕುರ್ಚಿ ಇರಬಹುದು, ಪಕ್ಕದ ಮನೆಯವರದ್ದೂ ಇರಬಹುದು, ಇಲ್ಲ, ಇದು ಸೋಫಾದ್ದೇ — ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಲಿನೆಟ್‌ಳ ಚಾಕು ಅರ್ಧದಲ್ಲೇ ನಿಂತಿತು, ಅಪ್ಪ ಎಳೆದೇಬಿಟ್ಟ, ಬೆಳಿಗ್ಗೆ ಅಷ್ಟು ಗೋಗರೆದಿದ್ದಳು, ಅಪ್ಪಾ ಇವತ್ತೊಂದಿನ ಸೋಫಾ ಎಳೀಬೇಡ, ಗೋಡೆಗೆ ಅಂಟ್ಕೊಂಡೇ ಇರ್ಲಿ, ಜಾನಿಸ್ ಬರ್ತಾಳೆ, ಅವನು ಬೂಟಿಗೆ ಪಾಲಿಶ್ ತಿಕ್ಕುತ್ತಾ ಅಪ್ಪಣೆ ಮಹಾರಾಣಿ ಅಂದಿದ್ದ, ಮರೆತೇಬಿಟ್ಟ, ತಪ್ಪು ಅವನದ್ದಲ್ಲ ಕೈಯದ್ದು, ಶನಿವಾರ ಸಂಜೆ ಐದಾಯಿತೆಂದರೆ ಅಪ್ಪನ ಕೈ ತಾನಾಗಿಯೇ ಸೋಫಾ ಹುಡುಕಿಕೊಂಡು ಹೋಗುತ್ತದೆ, ಗೋಡೆಯಿಂದ ಒಂದೂವರೆ ಅಡಿ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ, ಅಲ್ಲಿ ಒಂದು ಹಳೆಯ ದಿಂಬು, ಐದು ವರ್ಷದವಳಿದ್ದಾಗಿನಿಂದ ಅದು ಲಿನೆಟ್‌ಳ ಜಾಗ, ಈಗ ಒಂಬತ್ತು ತುಂಬಿದೆ, ಮೊಣಕಾಲು ಮಡಚಬೇಕು ಅಷ್ಟೆ, ಬೋರಲು ಮಲಗಿ ಸೋಫಾದ ಅಡಿಯಿಂದ ನೋಡಿದರೆ ಟೀವಿಯ ಕೆಳಗಿನ ಅರ್ಧ ಮಾತ್ರ ಕಾಣುತ್ತದೆ, ಅರ್ಧ ಟೀವಿಗೆ ಅರ್ಧ ಭಯ, ಮೈ ಜುಮ್ಮೆನ್ನುವಷ್ಟು ಖುಷಿ, ಉಚ್ಚೆ ಬರುವಷ್ಟಲ್ಲ — ಎಲ್ಲಿದೆಯೇ ಜ್ಞಾನ, ಬೆಣ್ಣೆ ಹಚ್ಚೋಕೆ ಇಷ್ಟು ಹೊತ್ತಾ, ಅಮ್ಮ ಮೀನಿನ ತುಂಡು ಹುರಿಯುತ್ತಾ ಗದರಿದಳು, ನಿನ್ನ ಗೆಳತಿ ಬರೋ ಹೊತ್ತಾಯ್ತು, ಬರೋ ಹೊತ್ತಾಯ್ತು, ಅಯ್ಯೋ ದೇವರೇ, ಬರೋ ಹೊತ್ತಾಯ್ತು.

ಎಲ್ಲಾ ಆ ಒಂದು ಸುಳ್ಳಿನಿಂದ, ಹೋದ ಸೋಮವಾರ ಶಾಲೆಯ ಅಂಗಳದಲ್ಲಿ ಹೇಳಿದ್ದು, ಸೋಮವಾರ ಬಂತೆಂದರೆ ಹ್ಯಾಲಿಫ್ಯಾಕ್ಸ್‌ನ ಮಕ್ಕಳೆಲ್ಲರ ಬಾಯಲ್ಲೂ ಟೀವಿಯ ಶನಿವಾರದ ಭಯದ ಧಾರಾವಾಹಿ, ಈ ಸಲದ್ದು ಹನ್ನೊಂದನೇ ಠಾಣೆ, ನಕ್ಷತ್ರಗಳಾಚೆ ಎಲ್ಲೋ ತುಕ್ಕು ಹಿಡಿದ ಒಂದು ಠಾಣೆ, ಅದರಲ್ಲಿ ಏಳು ಜನ, ಹೋದ ವಾರಕ್ಕೆ ಐದು, ನೆಲದ ಜಾಲರಿಗಳಿಂದ ಪಾಚಿ ಬರುತ್ತದೆ, ನಡೆಯುವುದಿಲ್ಲ, ಹರಿಯುತ್ತದೆ, ಮೊದಲು ಪಾದ ಹಿಡಿಯುತ್ತದೆ, ಯಾವಾಗಲೂ ಪಾದವೇ, ಆಮೇಲೆ ಆ ಮನುಷ್ಯ ತಾನೇ ಪಾಚಿಯಾಗಿ ಮಿಕ್ಕವರನ್ನು ಹೆಸರು ಹಿಡಿದು ಕರೆಯುತ್ತಾನೆ, ಬಾ, ನೆಲ ಮೆತ್ತಗಿದೆ ಬಾ — ಹುಡುಗರೆಲ್ಲ ಅಂಗಳದಲ್ಲಿ ತೆವಳುತ್ತಾ ಹುಡುಗಿಯರ ಕಾಲ್ಚೀಲ ಜಗ್ಗುತ್ತಿದ್ದಾಗ ಜಾನಿಸ್ ಹೇಳಿದ್ದು, ಲೀಡ್ಸ್‌ನಿಂದ ಹೊಸದಾಗಿ ಬಂದ ಜಾನಿಸ್, ಆಗಲೇ ಕಿವಿ ಚುಚ್ಚಿಸಿಕೊಂಡಿರುವ ಜಾನಿಸ್, ನಮ್ಮನೇಲಿ ಯಾರೂ ಸೋಫಾ ಹಿಂದೆ ಹೋಗಲ್ಲಪ್ಪ, ಅದೆಲ್ಲ ಎಳೇ ಮಕ್ಕಳು ಮಾಡೋದು, ತಕ್ಷಣ ಲಿನೆಟ್‌ಳ ಬಾಯಿಂದ ಬಂದುಬಿಟ್ಟಿತು, ನಾನೂ ಅಷ್ಟೇ ಕಣೇ, ಮುಂದೇನೇ ಕೂತ್ಕೋತೀನಿ, ಕಣ್ಣು ಕೂಡ ಮಿಟುಕಿಸಲ್ಲ, ಹೌದಾ, ಹಾಗಾದ್ರೆ ಶನಿವಾರ ನಿಮ್ಮನೇಗೆ ಬರ್ಲಾ, ಬಾರೇ ಅಂದುಬಿಟ್ಟಳು, ಬೇಡ ಅನ್ನುವುದು ಹೇಗೆ, ಗೆಳತಿ ಟ್ರೇಸಿ ಊರು ಬಿಟ್ಟು ಹೋದ ಮೇಲೆ ಇಡೀ ಒಂದು ತಿಂಗಳು ಲಿನೆಟ್ ಹಗ್ಗದ ಒಂದು ತುದಿಯನ್ನು ಶಾಲೆಯ ಕಬ್ಬಿಣದ ಬೇಲಿಗೆ ಕಟ್ಟಿ ಇನ್ನೊಂದು ತುದಿಯನ್ನು ತಾನೇ ತಿರುಗಿಸುತ್ತಾ ನಿಂತಿದ್ದಳು, ಹಾರುವವರೇ ಇಲ್ಲ, ಬೇಲಿ ಹಗ್ಗ ಹಿಡಿದೀತು, ಹಾರೀತೇ, ಜಾನಿಸ್ ಬಂದಳು, ಚೀಲ ಕೆಳಗಿಟ್ಟಳು, ಏನೂ ಕೇಳದೆ ಹಾರಿದಳು, ಈಗ ಆ ದಿಂಬು ನೋಡಿದರೆ, ಥೂ ನೀನೂ ಎಳೇ ಮಗೂನಾ ಅಂದರೆ, ಸೋಮವಾರದಿಂದ ಮತ್ತೆ ಬೇಲಿಯೇ ಗತಿ.

ಬಾಗಿಲು ಬಡಿದದ್ದು ಸರಿಯಾಗಿ ಟೀವಿಯಲ್ಲಿ ಫುಟ್‌ಬಾಲ್ ಫಲಿತಾಂಶ ಓದುವ ಹೊತ್ತಿಗೆ, ಆ ಐದು ನಿಮಿಷ ಈ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ, ಅಪ್ಪ ತುಟಿಯ ಮೇಲೆ ಬೆರಳಿಟ್ಟುಕೊಂಡು ಹುಬ್ಬಿನಲ್ಲೇ ಜಾನಿಸ್‌ಳನ್ನು ಬರಮಾಡಿಕೊಂಡ, ಜಾನಿಸ್ ಕೋಟು ಬಿಚ್ಚುತ್ತಾ ಟೀವಿ ನೋಡಿದಳು, ಸೋಫಾ ನೋಡಿದಳು, ಸೋಫಾಕ್ಕೂ ಗೋಡೆಗೂ ನಡುವೆ ನೋಡಿದಳು, ಎರಡು ಸಲ ನೋಡಿದಳು, ಮುಗಿಯಿತು ಕಥೆ, ಲಿನೆಟ್‌ಳ ಕಿವಿ ಬಿಸಿಯಾದವು, ಅದು, ಅದು ಅಮ್ಮ ಗುಡಿಸೋಕೆ ಎಳೆದಿರೋದು ಎಂದು ಪಿಸುಗುಟ್ಟಿದಳು, ಶ್ ಅಂದ ಅಪ್ಪ, ಊರಿನ ತಂಡ ಮತ್ತೆ ಸೋತಿತ್ತು, ಅಜ್ಜಿ ಹೆಣಿಗೆಯಿಂದ ತಲೆಯೆತ್ತದೆ, ಇವ್ರಿಗಿಂತ ಆ ಪಾಚಿನೇ ವಾಸಿ ಕಣೋ, ಮುಂದಕ್ಕಾದ್ರೂ ಹೋಗುತ್ತೆ ಅಂದಳು — ತಟ್ಟೆಗಳು ಬಂದವು, ಹುರಿದ ಮೀನು, ಬೀನ್ಸ್, ಬೆಣ್ಣೆ ಬ್ರೆಡ್ಡು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ತಿನ್ನುವುದು ಶನಿವಾರ ಮಾತ್ರ, ಆರು ವರ್ಷದ ತಮ್ಮ ಗ್ಯಾರಿ ಅಜ್ಜಿಯ ಮಡಿಲೇರಿ ಅವಳ ಉಣ್ಣೆಯಂಗಿಯೊಳಗೆ ತಲೆ ತೂರಿಸಿಕೊಂಡ, ಗುಂಡಿಯ ತೂತಿನಿಂದ ಒಂದೇ ಕಣ್ಣಲ್ಲಿ ನೋಡುವುದು ಅವನ ಪದ್ಧತಿ, ಒಳಗಿನಿಂದಲೇ ಅವನ ದನಿ, ಲಿನ್, ಇವತ್ತು ನೀನ್ಯಾಕೆ ನಿನ್ನ — ಲಿನೆಟ್ ತನ್ನ ತಟ್ಟೆಯ ಒಂದು ಮೀನಿನ ತುಂಡನ್ನು ಗುಂಡಿಗಳ ನಡುವೆ ತುರುಕಿದಳು, ತುಂಡು ಒಳಗೆ ಹೋಯಿತು, ಮಾತು ನಿಂತಿತು, ಇನ್ನೆರಡು ತುಂಡಿವೆ, ಇಪ್ಪತ್ತೈದು ನಿಮಿಷಕ್ಕೆ ಸಾಕಾದಾವೇ, ಆ ಪಾಚಿ ಹಸಿರು ಗೊತ್ತಾ ಅಂದ ಗ್ಯಾರಿ ಬಾಯಿ ತುಂಬಿಕೊಂಡು, ಅಲ್ಲ ಕಣೋ ನೇರಳೆ, ನಮ್ಮನೇದು ಕಲರ್ ಟೀವಿ ಅಂದಳು ಜಾನಿಸ್, ನೇರಳೆಯೇ, ಈ ಕಪ್ಪು-ಬಿಳುಪು ಟೀವಿ ಮುಂದೆ ಆರು ವಾರದಿಂದ ಹಸಿರಿಗೆ ಹೆದರಿದ್ದೆಲ್ಲ ದಂಡ, ಇನ್ನು ಮೊದಲಿನಿಂದ ನೇರಳೆಗೆ ಹೆದರಬೇಕು, ಯಾವ ಬಣ್ಣ ಆದ್ರೇನು, ಅದೊಂದು ಹಳೇ ಕಂಬಳಿ, ಅಂದ ಅಪ್ಪ, ದಿನಾ ಕೂರುವ ಬೆಂಕಿ ಪಕ್ಕದ ಕುರ್ಚಿಯನ್ನು ಅಮ್ಮನಿಗೆ ಬಿಟ್ಟುಕೊಟ್ಟು ಇವತ್ತು ಸೋಫಾದ ತುದಿಗೆ ಬಂದು ಕೂತಿದ್ದಾನೆ, ಒಳಗೆ ಯಾವನೋ ಬಡಪಾಯಿ ತೆವಳ್ತಾ ತೆವಳ್ತಾ ಮಂಡಿ ಕೆರ್ಕೊಂಡಿರ್ತಾನೆ, ಪಾಪ, ಅವನ ಹೆಂಡ್ತಿ ಮುಲಾಮು ಹಚ್ಚಬೇಕು, ಸುಮ್ನಿರೀ, ಮಕ್ಕಳ ಖುಷಿ ಹಾಳು ಮಾಡ್ಬೇಡಿ, ಅಂದಳು ಅಮ್ಮ.

ಬಂತು, ಆ ಸಂಗೀತ, ಸಂಗೀತವೆಂದರೆ ಸಂಗೀತವಲ್ಲ, ನೀರಿನೊಳಗೆ ಯಾರೋ ತಗಡು ಬಗ್ಗಿಸಿದ ಹಾಗೆ, ಬೆನ್ನಿನುದ್ದಕ್ಕೂ ತಣ್ಣಗೆ ಇಳಿಯಿತು, ಎಷ್ಟು ಚೆನ್ನಾಗಿದೆ, ಎಷ್ಟು ಭಯಂಕರವಾಗಿದೆ, ಮುಂದೆ ಕೂತರೆ ಟೀವಿ ಪೂರ್ತಿ ಕಾಣುತ್ತದೆ, ಇದೇ ಕಷ್ಟ, ಇಷ್ಟು ವರ್ಷ ನೋಡದ ಮೇಲಿನ ಅರ್ಧದಲ್ಲಿ ಜನರ ಮುಖಗಳಿವೆ, ಮುಖಗಳು ಹೆದರಿವೆ, ದೊಡ್ಡವರ ಮುಖ ಹಾಗೂ ಆಗುತ್ತದೆಯೇ, ಗೊತ್ತೇ ಇರಲಿಲ್ಲ — ಟೀವಿಯ ಮೇಲಿರುವ ಪಿಂಗಾಣಿ ನಾಯಿಯನ್ನೇ ನೋಡು, ನಾಯಿ, ನಾಯಿಯ ಕಿವಿ, ನಾಯಿಯ ಒಡೆದು ಅಂಟಿಸಿದ ಬಾಲ, ಜಾಲರಿ ಅಲುಗಿತು, ನಾಯಿ, ನಾಯಿ, ಕಾಲೆತ್ತಿ ಸೋಫಾದ ಮೇಲೆ ಇಟ್ಟುಕೊಂಡರೆ ಸಾಕು, ಆದರೆ ಪಕ್ಕದಲ್ಲಿ ಜಾನಿಸ್‌ಳ ಕಾಲು ಕೆಳಗೇ ಇವೆ, ಕಪ್ಪು ಬೂಟು, ಅಲುಗಾಟವಿಲ್ಲ, ಹಾಗಾದರೆ ಇವಳದ್ದೂ ಕೆಳಗೇ ಇರಬೇಕು, ಕಾರ್ಪೆಟ್ಟು ಇದ್ದಕ್ಕಿದ್ದಂತೆ ಮೆತ್ತಗಾಯಿತೇ, ಇನ್ನೂ ಎಷ್ಟು ನಿಮಿಷ — ಆಂಟಿ, ಟಾಯ್ಲೆಟ್ ಎಲ್ಲಿ, ಜಾನಿಸ್ ತಟ್ಟೆ ಕೆಳಗಿಟ್ಟಳು, ಮೆಟ್ಲು ಹತ್ತಿ ಎಡಕ್ಕೆ ಪುಟ್ಟಿ ಅಂದಳು ಅಮ್ಮ, ಈಗಲೇ, ಠಾಣೆಯ ಡಾಕ್ಟರಮ್ಮ ಒಬ್ಬಳೇ ಮಂಚದ ಕೆಳಗೆ ಬಗ್ಗುವ ಹೊತ್ತಿಗೇ, ಎಂಥ ಗುಂಡಿಗೆ ಇವಳದು, ನಡುವೆ ಎದ್ದು ಹೋಗುತ್ತಾಳಲ್ಲ, ಬೆನ್ನ ಹಿಂದೆ ಕೋಣೆಯ ಬಾಗಿಲು ತೆರೆದುಕೊಂಡಿತು, ಮುಚ್ಚಿಕೊಂಡಿತು, ಅಷ್ಟೇ, ಲಿನೆಟ್‌ಳ ಎರಡೂ ಕಾಲು ಮೇಲೆ ಬಂದವು, ಅಬ್ಬಾ ಏನು ಸುಖ, ಬಾ, ನೆಲ ಮೆತ್ತಗಿದೆ ಬಾ, ಮಂಚದ ಕೆಳಗಿನಿಂದ ಸತ್ತುಹೋದ ಕ್ಯಾಪ್ಟನ್ನನ ದನಿ, ಡಾಕ್ಟರಮ್ಮ ಚಾದರದ ಅಂಚು ಹಿಡಿದಳು, ಎತ್ತಬೇಡ ಕಣೇ, ನಾಯಿಯಿಂದ ಉಪಯೋಗವಿಲ್ಲ, ನಾಯಿಯೂ ನೋಡುತ್ತಿದೆ, ಒಂದೇ ನಿಮಿಷ, ಜಾನಿಸ್ ಮೆಟ್ಟಿಲಿಳಿಯುವ ಸದ್ದು ಕೇಳಿದೊಡನೆ ವಾಪಸ್ಸು ಬಂದು ಕೂತರಾಯಿತು, ಯಾರಿಗೆ ಗೊತ್ತಾಗಬೇಕು, ಚಾದರ ಎದ್ದಿತು, ಲಿನೆಟ್ ಸೋಫಾದ ಬೆನ್ನು ಹತ್ತಿ ತಲೆಕೆಳಗಾಗಿ ಆ ಕಡೆಗೆ ಜಾರಿದಳು, ಮೊಣಕೈ ಬಿದ್ದದ್ದು ದಿಂಬಿನ ಮೇಲಲ್ಲ, ಯಾರದೋ ಬೆನ್ನಿನ ಮೇಲೆ, ಬೆನ್ನು ಅಮ್ಮಾ ಅಂದಿತು.

ಜಾನಿಸ್, ದಿಂಬಿನ ಮೇಲೆ ಬೋರಲು ಬಿದ್ದು, ಎರಡೂ ಕಿವಿಗೆ ಬೆರಳು ತುರುಕಿಕೊಂಡು, ಮೆಟ್ಟಿಲು ಹತ್ತಿಯೇ ಇರಲಿಲ್ಲ, ಬಾಗಿಲು ತೆರೆದು ಮುಚ್ಚಿ ಇಲ್ಲೇ ತೂರಿಕೊಂಡಿದ್ದಾಳೆ, ಮೂಗಿಗೆ ಮೂಗು, ಇಬ್ಬರೂ ಪಿಳಿಪಿಳಿ, ನಿಮ್ಮನೇಲಿ ಯಾರೂ ಸೋಫಾ ಹಿಂದೆ ಹೋಗಲ್ಲ ಅಂದಿದ್ದೆ, ಲಿನೆಟ್‌ಳ ಪಿಸುಮಾತು, ಹೋಗಲ್ಲ ಕಣೇ, ಹೋಗೋಕೆ ಜಾಗ ಎಲ್ಲಿದೆ, ನಮ್ಮ ಸೋಫಾ ಹಿಂದೆ ಗೋಡೇಲಿ ಹೀಟರ್ ಇದೆ, ಹೋದ್ರೆ ಬೆನ್ನು ಬೆಂದುಹೋಗುತ್ತೆ, ನಾನು ಮೆಟ್ಲ ಮೇಲೆ ಕೂತು ಕಂಬಿ ಸಂದಿಯಿಂದ ನೋಡ್ತೀನಿ, ಪ್ಲೀಸ್ ಸ್ಕೂಲಲ್ಲಿ ಹೇಳ್ಬೇಡ್ವೇ, ನಿನ್ನ ಬಿಟ್ರೆ ನಂಗೆ ಅಲ್ಲಿ ಯಾರಿದಾರೆ — ಅಯ್ಯೋ, ಇವಳೂ, ವಾರವಿಡೀ ಇವಳೂ, ಲಿನೆಟ್‌ಗೆ ನಗು ಉಕ್ಕಿತು, ಅಳುವೂ ಸ್ವಲ್ಪ, ಇಷ್ಟು ಖುಷಿಯನ್ನು ಎಲ್ಲಿ ಇಟ್ಟುಕೊಳ್ಳುವುದು ಒಂದೂವರೆ ಅಡಿಯಲ್ಲಿ, ಹೇಳಲ್ಲ, ಆದ್ರೆ ಆ ಕಡೆ ಸರಿ, ಅದು ನನ್ನ ದಿಂಬು, ಅರ್ಧ ಕೊಡ್ತೀನಿ, ಹಿಂದೆ ಏನದು ಸದ್ದು ಅಂದಳು ಅಮ್ಮ, ಹೆಗ್ಗಣ ಇರ್ಬೇಕು, ಟೀವಿ ನೋಡು, ಅಂದಳು ಅಜ್ಜಿ, ಇಬ್ಬರೂ ಬಾಯಿ ಮುಚ್ಚಿಕೊಂಡು ಬೋರಲು ಮಲಗಿದರು, ಸೋಫಾದ ಅಡಿಯಲ್ಲಿ ಬೆಳಕಿನ ಪಟ್ಟಿ, ಆಚೆ ಪಾಚಿ, ಈಚೆ, ಕೈಗೆಟಕುವಷ್ಟು ಹತ್ತಿರ, ಅಪ್ಪನ ಎರಡು ಹಿಮ್ಮಡಿ, ಸಾಸಿವೆ ಬಣ್ಣದ ಕಾಲ್ಚೀಲ, ಎಡಗಡೆಯದಕ್ಕೆ ತೂತು, ಪಾಚಿ ಮಂಚದ ಕೆಳಗಿನಿಂದ ಹೊರಗೆ ಹರಿಯಿತು, ನೋಡ್ರೋ ಕಂಬಳಿ, ಮೇಲಿನಿಂದ ಅಪ್ಪನ ದನಿ, ಹಿಮ್ಮಡಿ ಒಂದಿಷ್ಟು ಎದ್ದಿತು, ಪಾಚಿ ಡಾಕ್ಟರಮ್ಮನನ್ನು ಬಿಟ್ಟು ಈ ಕಡೆಗೆ ತಿರುಗಿತು, ನೇರವಾಗಿ, ಮನೆಯೊಳಕ್ಕೇ ಬರುವ ಹಾಗೆ, ಬರೀ ಕಂಬಳಿ ಕಣ್ರೋ, ದನಿ ಸಣ್ಣಗಾಗಿದೆ, ಹಿಮ್ಮಡಿ ಎರಡೂ ಎದ್ದವು, ಬೆರಳ ತುದಿ ಮಾತ್ರ ನೆಲದಲ್ಲಿ, ಬೆರಳೂ ಇಲ್ಲ, ಜಾನಿಸ್ ತೋಳು ಚಿವುಟಿದಳು, ಲಿನ್, ನಿಮ್ಮಪ್ಪ, ಸಾಸಿವೆ ಬಣ್ಣ ಮೇಲಕ್ಕೆ ಹೋಯಿತು, ಬೆಳಕಿನ ಪಟ್ಟಿ ದಾಟಿತು, ತಲೆಯ ಮೇಲೆ ಸೋಫಾದ ಸ್ಪ್ರಿಂಗು ಕಿರ್ರೆಂದಿತು, ಕೆಳಗೆ ಬರಲಿಲ್ಲ, ಅಪ್ಪನ ಪಾದ ಇದ್ದ ಜಾಗದಲ್ಲಿ ಕಾರ್ಪೆಟ್ಟು, ಕಾರ್ಪೆಟ್ಟಿನ ಮೇಲೆ ಏನೂ ಇಲ್ಲ, ಅಪ್ಪನ ಪಾದ ಇದ್ದ ಜಾಗದಲ್ಲಿ, ಏನೂ ಇಲ್ಲ