ಗುರುಸಿದ್ದಮ್ಮ ಅರ್ಧ ಹೇಳಿದ ಕಾಯಿಲೆ

ಶಾಂತಿಗ್ರಾಮದ ಕಡೆಯ ಹಾಲಿನ ಡೈರಿಯೊಂದರಲ್ಲಿ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ನಡುವೆ ಕೇಳಿದ ಕಥೆಯಿದು. ಹೇಳಿದವರು ಸ್ವತಃ ಗುರುಸಿದ್ದಮ್ಮ.

ಅವರ ಗಂಡ ಚನ್ನಬಸವಯ್ಯ ಅದೇ ಡೈರಿಯಲ್ಲಿ ಹಾಲು ಪರೀಕ್ಷಿಸುವವರು. ಗುರುಸಿದ್ದಮ್ಮನವರಿಗೆ ಕೆಲವು ತಿಂಗಳಿಂದ ಕಾರಣವಿಲ್ಲದೆ ಎದೆ ಡವಡವ, ಕೈಕಾಲು ನಡುಕ. ಜೊತೆಗೇ ಊಟ ಸೇರದು, ಯಾವುದರಲ್ಲೂ ಮನಸ್ಸಿಲ್ಲ. ಮನೆಯವರು ಇವನ್ನು ಬೇರೆ ಬೇರೆ ಎಂದು ಬಗೆದು, ಹೆದರಿಕೆಗೆ ತಾಯತ ಕಟ್ಟಿಸಿದರು, ಬೇಜಾರಿಗೆ ತವರಿಗೆ ಕಳಿಸಿದರು. ಎರಡೂ ನಿಲ್ಲಲಿಲ್ಲ. ಕೊನೆಗೆ ಹಾಸನದ ಡಾಕ್ಟರಲ್ಲಿಗೆ ಹೋಗುವಾಗ ಚನ್ನಬಸವಯ್ಯ, "ಎದೆ ವಿಷ್ಯ ಮಾತ್ರ ಏಳು. ಮಂಕು ಗಿಂಕು ಅಂದ್ರೆ ಹುಚ್ಚು ಅಂತಾರೆ" ಎಂದು ತಾಕೀತು ಮಾಡಿದರು. ಇಸಿಜಿ ಸರಿಯಾಗಿ ಬಂತು.

"ಮಿಷನ್ನೇ ಏನಿಲ್ಲ ಅಂತು. ಇನ್ನೇನೇ ನಿಂದು?" ಎಂದು ಗಂಡ ರೇಗಿದರು.

ಒಂದು ಬೆಳಿಗ್ಗೆ ಗುರುಸಿದ್ದಮ್ಮ ತಾವು ಕರುವಿನಿಂದ ಸಾಕಿದ ಹಸುವಿನ ಹಗ್ಗವನ್ನು ಪಕ್ಕದ ಮನೆಯ ಪ್ರೇಮಕುಮಾರಿಯವರ ಕೈಗಿಟ್ಟರು. "ಗೌರೀನ ನೀನೇ ಇಟ್ಕೊಳ್ಳಕ್ಕ. ನಾನಿದ್ರೆಷ್ಟು, ಓದ್ರೆಷ್ಟು."

ಪ್ರೇಮಕುಮಾರಿ ಹಗ್ಗವನ್ನು ಗೂಟಕ್ಕೆ ಕಟ್ಟಿ ಬಂದರು. "ಸಾಯೋ ಯೋಚ್ನೆ ಬತ್ತೈತಾ?" ಎಂದು ನೇರವಾಗಿ ಕೇಳಿದರು. ಗುರುಸಿದ್ದಮ್ಮ ಹೌದೆಂದು ತಲೆಯಾಡಿಸಿ ಅತ್ತರು. ಪ್ರೇಮಕುಮಾರಿ ಅವರನ್ನು ಒಂಟಿಯಾಗಿ ಬಿಡದೆ, ಕೈಹಿಡಿದೇ ಡೈರಿಗೆ ಕರೆತಂದರು.

"ಬಸಣ್ಣಾ, ನನ್ ಹಾಲಿಗೆ ಇವತ್ತು ಫ್ಯಾಟ್ ಮಾತ್ರ ನೋಡು, ನೀರಿನ ಡಿಗ್ರಿ ಬ್ಯಾಡ" ಎಂದು ಚನ್ನಬಸವಯ್ಯನವರಿಗೆ ಹೇಳಿದರು.

"ತಲೆಗಿಲೆ ಕೆಟ್ಟೈತಾ ಪ್ರೇಮಕ್ಕ? ಒಂದ್ ನೋಡಿ ಒಂದ್ ಬುಟ್ರೆ ಹಾಲು ಎಂಗೈತೆ ಅಂತ ಎಂಗ್ ಗೊತ್ತಾಯ್ತದೆ?"

ಪ್ರೇಮಕುಮಾರಿ ಅವರನ್ನು ಸಾಲಿನಿಂದಾಚೆ ಕರೆದು ದನಿ ತಗ್ಗಿಸಿದರು. "ಮತ್ತೆ ಹೆಂಡ್ತಿ ಕೈಲಿ ಅರ್ಧ ಯಾಕ್ ಮುಚ್ಚಿಸ್ದೆ? ಭಯ, ಮಂಕು ಎರಡೂ ಜೊತೇಲಿ ಬರೋದು ಬಾಳ ಜನಕ್ಕೈತೆ ಕಣಣ್ಣ. ನಂಗೂ ಬಂದಿತ್ತು."

"ನಿಂಗಾ? ದಿನಾ ನನ್ ಜೊತೆ ಜಗಳ ಆಡ್ತಿಯಲ್ಲ!"

"ಎರಡ್ನೂ ಡಾಕ್ಟ್ರಿಗೆ ಏಳಿ ಉಸಾರಾದೆ, ಅದ್ಕೇ ಆಡ್ತೀನಿ. ಇವ್ಳು ಗೌರಿ ಹಗ್ಗ ನನ್ ಕೈಗ್ ಕೊಟ್ಲು. ಅರ್ಥ ಆಯ್ತಾ?"

ಚನ್ನಬಸವಯ್ಯ ಡೈರಿಯನ್ನು ಬೇರೆಯವರಿಗೆ ಒಪ್ಪಿಸಿ, ಅಂದೇ ಹೆಂಡತಿಯೊಡನೆ ಮನೋವೈದ್ಯರ ಬಳಿಗೆ ಹೊರಟರು. ಈ ಸಲ ಅವರೇ ಹೇಳಿದರು: "ಸಾ, ಇವ್ಳಿಗೆ ಎದೆ ಡವಡವ ಅಂತದೆ. ಮನ್ಸೂ ಸರಿಯಿಲ್ಲ, ಸಾಯೋ ಯೋಚ್ನೆನೂ ಬತ್ತೈತಂತೆ. ಮುಚ್ಚಿಸಿದ್ದು ನಾನೇ."

"ಆತಂಕ, ಖಿನ್ನತೆ ಎಷ್ಟೋ ಜನರಲ್ಲಿ ಒಟ್ಟಿಗೇ ಇರ್ತವೆ. ಒಂದು ಇನ್ನೊಂದನ್ನ ಹೆಚ್ಚಿಸುತ್ತೆ. ಎರಡಕ್ಕೂ ಚಿಕಿತ್ಸೆ ಇದೆ" ಎಂದರು ವೈದ್ಯರು. ಮಾತ್ರೆ, ಆಪ್ತಸಮಾಲೋಚನೆ ಎರಡೂ ನಡೆದವು. ಗುಣ ನಿಧಾನವಾಗಿ ಕಂಡಿತು.

ಒಂದು ದಿನ ಗುರುಸಿದ್ದಮ್ಮ ಪ್ರೇಮಕುಮಾರಿಯವರ ಕೊಟ್ಟಿಗೆಗೆ ಬಂದು ನಿಂತರು. "ಗೌರಿ ಹಗ್ಗ ಕೊಡಕ್ಕ. ನಿಂಗೆ ನೆಟ್ಟಗೆ ಹಾಲ್ ಕರ್ಯಾಕೂ ಬರಾಕಿಲ್ಲ."

"ಬೈಯಿ ಬೈಯಿ. ಇದ್ನ ಕೇಳಕ್ಕೇ ಕಾಯ್ತಿದ್ದೆ ಕಣೇ" ಎಂದು ಪ್ರೇಮಕುಮಾರಿ ಹಗ್ಗ ಬಿಚ್ಚಿದರು.

ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಯಾರಾದರೂ ಕಾರಣವಿಲ್ಲದೆ ಹೆದರುತ್ತಿದ್ದರೆ, ಮನಸ್ಸು ಹೇಗಿದೆಯೆಂದೂ ಕೇಳಿ. ಮಂಕಾಗಿದ್ದರೆ, ಭಯವಿದೆಯೇ ಎಂದೂ ಕೇಳಿ. ವೈದ್ಯರ ಮುಂದೆ ಯಾವುದನ್ನೂ ಮುಚ್ಚಿಡಬೇಡಿ. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮನಸ್ ಸಹಾಯವಾಣಿ ೧೪೪೧೬ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಿ. ಎರಡನ್ನೂ ಹೇಳಿ.